ನೆಲಕ್ಕೆ ಕಿವಿಯಿಟ್ಟ ಬಂಡೆಮ್ಮ

ಸೂರ್ಯ ಇನ್ನೂ ಹುಟ್ಟಿಲ್ಲ. ಕಮಲಾಪುರದ ಊರಾಚೆ, ಸೂಗಪ್ಪ ಸಾಹುಕಾರರ ಎರೆಹೊಲದ ನಡುವೆ ಒಬ್ಬ ಹೆಂಗಸು ಬೋರಲು ಬಿದ್ದಿದ್ದಾಳೆ. ಎಡಗಿವಿ ನೆಲಕ್ಕೆ ಅಂಟಿದೆ. ಬಲಗಿವಿಯಲ್ಲಿ ಸೆರಗಿನ ತುದಿ ತುರುಕಿಕೊಂಡಿದ್ದಾಳೆ. ಒಂದು ಕೈಯಲ್ಲಿ ಬೇವಿನ ಗೂಟ, ಇನ್ನೊಂದು ಕೈಯ ಹತ್ತಿರ ಒನಕೆ. ಗುರುತಿಲ್ಲದವರು ನೋಡಿದರೆ ಹೆಣವೆಂದೇ ತಿಳಿಯಬೇಕು. ಹಿಂದೊಮ್ಮೆ ಹಾಲು ಮಾರಲು ಹೊರಟವನೊಬ್ಬ ಹಾಗೆಯೇ ತಿಳಿದಿದ್ದ. ಆಕೆ ಮೈ ಕೊಡವಿ ಎದ್ದು ಕೂತಾಗ ಗಡಿಗೆಯನ್ನು ಅಲ್ಲೇ ಒಗೆದವನು ಊರು ಮುಟ್ಟುವ ತನಕ ತಿರುಗಿ ನೋಡಲಿಲ್ಲವಂತೆ.

ಸುತ್ತ ನಿಂತವರು ಉಸಿರು ಬಿಗಿಹಿಡಿದಿದ್ದಾರೆ. ಎತ್ತುಗಳ ಕೊರಳಗಂಟೆ ಬಿಚ್ಚಿಟ್ಟಾಗಿದೆ. ನೆಲ ಅಳೆಯುವ ಸರಕಾರಿ ಮೋಜಣಿ ಅಮೀನ ಬಂದೇನವಾಜ್ ಸಾಹೇಬರು ಬೂಟು ಕಳಚಿ ಬರಿಗಾಲಲ್ಲಿ ನಿಂತಿದ್ದಾರೆ. ಹೊಲದ ಒಡೆಯ ಸೂಗಪ್ಪನವರಿಗೆ ಕೆಮ್ಮು ಒತ್ತಿಕೊಂಡು ಬರುತ್ತಿದೆ. ರುಮಾಲಿನ ಚುಂಗು ಬಾಯಿಗಿಟ್ಟು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದಾರೆಯೇ ಹೊರತು ಕೆಮ್ಮುವಂತಿಲ್ಲ. ಮಿಕ್ಕ ಹೊತ್ತಿನಲ್ಲಿ ಈ ಹೊಲದಲ್ಲಿ ಯಾರ ಹುಕುಂ ನಡೆಯುತ್ತದೋ ಏನೋ, ಈ ಹೊತ್ತಿನಲ್ಲಿ ಬಂಡೆಮ್ಮನದೇ.

ಆಕೆಯ ಬೆರಳು ಮೇಲೇಳುತ್ತದೆ. ಬೇರೆ ಯಾರಿಗೂ ಏನೂ ಕೇಳಿಲ್ಲ. ಆಕೆಗೆ ಕೇಳಿದೆ: ನೆಲದ ಕೆಳಗಿನಿಂದ ಟಕ್, ಟಕ್, ಟಕ್. ಒಂದಿಷ್ಟು ಮುಂದಕ್ಕೆ ತೆವಳಿ, ಮತ್ತೆ ಕಿವಿಯಿಟ್ಟು, ಗೂಟ ಊರಿ, ಒನಕೆಯಿಂದ ನೆಲಕ್ಕೆ ಒಂದು ಪೆಟ್ಟು ಹಾಕುತ್ತಾಳೆ. ಕೇಳಿಸಿತು, ಮುಂದೆ ನಡೆ ಎಂದು ಅದರರ್ಥ. ಕೆಳಗೆ, ಬಾದಶಾಹರ ಕಾಲದ ನೀರಿನ ಸುರಂಗದಲ್ಲಿ, ಆಕೆಯ ಮೈದುನ ಮಾಪಣ್ಣ ಮೊಣಕಾಲುದ್ದ ನೀರಿನಲ್ಲಿ ಬಾಗಿ ನಡೆಯುತ್ತಿದ್ದಾನೆ, ಕೋಲಿನಿಂದ ತಲೆಯ ಮೇಲಿನ ಕಲ್ಲು ಬಡಿಯುತ್ತ. ತಾನು ಯಾವ ಹೊಲದ ಅಡಿಯಲ್ಲಿದ್ದೇನೆಂದು ಅವನಿಗೆ ಗೊತ್ತಿಲ್ಲ. ಮೇಲಿರುವ ಅತ್ತಿಗೆಗೆ ಗೊತ್ತು.

“ಬೆಳಕು ಹರದ ಮ್ಯಾಲ ಈ ಕೆಲ್ಸ ಆಗಂಗಿಲ್ರಿ,” ಎನ್ನುತ್ತಾಳೆ ಬಂಡೆಮ್ಮ, ಕೆನ್ನೆಗಂಟಿದ ಮಣ್ಣು ಒರೆಸಿಕೊಳ್ಳುತ್ತ. “ಎತ್ತು ನಡೀತಾವ, ಹೆಣ್ಮಕ್ಕಳು ಬೀಸ್ತಾರ, ಕುಟ್ತಾರ. ಭೂಮಿ ತುಂಬ ಗದ್ದಲ. ನಸುಕಿನ್ಯಾಗ ಅದು ಬಾಯಿ ಮುಚ್ಕೊಂಡಿರ್ತದ. ಆಗ ಅದರ ಹೊಟ್ಯಾಗ ಏನದ ಅದು ಕೇಳಸ್ತದ.”

ನಿಜಾಮ ಸರಕಾರದ ಮೋಜಣಿ ಕಚೇರಿಯ ಹಾಜರಿಯಲ್ಲಿ ಬಂಡೆಮ್ಮನ ಹೆಸರಿಲ್ಲ. ಇರುವುದು ಮಾಪಣ್ಣನದು. ಅದಕ್ಕೂ ಮುಂಚೆ ಇದ್ದದ್ದು ಗಂಡ ಯಂಕಪ್ಪನದು. ಬಂಡೆಮ್ಮ ಹಗ್ಗ, ಒನಕೆ, ಗೂಟಗಳ ಜೊತೆ ಬರುವ ಸಾಮಾನಿನಲ್ಲಿ ಸೇರಿಹೋಗಿದ್ದಾಳೆ. ಕಲಬುರಗಿಯ ಗಾಜಿಪುರದ ಅಂಚಿನಲ್ಲಿ ಆಕೆಯ ಗುಡಿಸಲು. ಅಲ್ಲಿ ಆಕೆ ನೆಲದ ಮೇಲೆ ಮಲಗುವುದಿಲ್ಲ. ನಾರು ಹೆಣೆದ ಹೊರಸೊಂದಿದೆ, ಎಂಥ ಸೆಕೆಯಲ್ಲೂ ಅದರ ಮೇಲೆಯೇ. ನೆಲಕ್ಕೆ ಮೈಯಿಟ್ಟರೆ ರೈಲು ಟೇಸನ್ನಿಗೆ ಬರುವ ಎಷ್ಟೋ ಮೊದಲೇ ಆಕೆಗೆ ಕೇಳಿಸುತ್ತದೆ. ರೈಲೊಂದೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು ಎನ್ನುತ್ತಾಳೆ. ಮತ್ತೇನು ಕೇಳಿಸುತ್ತದೆ ಎಂದು ಕೇಳಿದರೆ ಎಲೆಯಡಿಕೆಯ ಚೀಲ ತೆಗೆದು ಅದರಲ್ಲಿ ಸುಣ್ಣ ಹುಡುಕತೊಡಗುತ್ತಾಳೆ.

ಮೋಜಣಿ ಎಂದರೆ ಜನಕ್ಕೆ ಉದ್ದ, ಅಗಲ ಗೊತ್ತು. ಸರಪಳಿ ಎಳೆದರು, ಕಲ್ಲು ನೆಟ್ಟರು, ಮುಗಿಯಿತು. ಕೆಲವು ಹಕ್ಕುಗಳು ಹಾಗೆ ಮುಗಿಯುವುದಿಲ್ಲ. ಒಬ್ಬರ ನೆಲದಲ್ಲಿ ಇನ್ನೊಬ್ಬರಿಗೆ ಇಷ್ಟು ಎತ್ತರದ ತನಕ, ಇಲ್ಲವೆ ಇಷ್ಟು ಆಳದಿಂದ ಇಷ್ಟು ಆಳದ ತನಕ ಮಾತ್ರ ಹಕ್ಕು ಇರುತ್ತದೆ. ಗಾಜಿಪುರದಲ್ಲೇ ಒಬ್ಬರು ಓಣಿಯ ಎರಡು ಬದಿಯ ಮನೆಗಳನ್ನು ಕೂಡಿಸಿ ಮೇಲೊಂದು ಖೋಲಿ ಕಟ್ಟಿದರು. ಮೇಲಿನ ಗಾಳಿ ಅವರದು, ಕೆಳಗಿನ ದಾರಿ ಓಣಿಯವರದು. ಜೋಳದ ಕಣಕಿ ಹೇರಿದ ಬಂಡಿ ತೊಲೆಗೆ ತಾಗದೆ ದಾಟಬೇಕು ಎಂದು ಓಣಿಯ ನೆಲದಿಂದ ಅಳೆದು ಕೊಟ್ಟಿದ್ದರು. ಓಣಿಯವರೋ ಕೆಸರಾಯಿತೆಂದು ಮಳೆಗಾಲಕ್ಕೊಮ್ಮೆ ಮೊರಂ ಸುರಿಯುತ್ತಲೇ ಹೋದರು. ನೆಲ ಏರಿತು, ಬಂಡಿ ಸಿಕ್ಕಿಬಿತ್ತು, ಜಗಳ ಹತ್ತಿತು. ಕಡೆಗೆ ಬಂದೇನವಾಜ್ ಸಾಹೇಬರು ಮೂಲೆಮನೆಯ ಹೊಸ್ತಿಲುಗಲ್ಲಿನಿಂದ ಹೊಸದಾಗಿ ಅಳೆಸಬೇಕಾಯಿತು, ಅದು ಏರುವುದಿಲ್ಲ, ಇಳಿಯುವುದಿಲ್ಲ. ಬಿದಿರುಗಳೆ ಹೊತ್ತು ಓಣಿಯುದ್ದಕ್ಕೂ ನಡೆದವಳು ಬಂಡೆಮ್ಮ. ಆದರೆ ಆ ಹೊಸ್ತಿಲನ್ನು ಆಕೆ ಮುಟ್ಟಲು ಮನೆಯವರು ಬಿಡಲಿಲ್ಲ. ಕೇರಿಯವಳ ಕೈ ತಾಗಿದರೆ ಮೈಲಿಗೆಯಂತೆ. ಸಾಹೇಬರೇ ಬಗ್ಗಿ ಗಳೆಯ ಬುಡ ಇಟ್ಟರು.

“ಹೊಸ್ತಿಲ ಮುಟ್ಟಬ್ಯಾಡ ಅಂದ್ರು,” ಬಂಡೆಮ್ಮ ನಗುತ್ತಾಳೆ. “ಅವ್ರ ದೇವರ ಖೋಲಿ ಬುಡಕ ಹಳೀ ನೀರಿನ ದಾರಿ ಅದರಿ. ಅದರಾಗ ನಮ್ಮವ್ರು ಎಷ್ಟು ಸಲ ಅಡ್ಡಾಡಿ ಬಂದಾರ. ದೇವ್ರು ಏನೂ ಅಂದಿಲ್ಲ.”

ಎತ್ತರವಾದರೂ ಕಣ್ಣಿಗೆ ಕಾಣುತ್ತದೆ. ಆಳದ ಕಥೆ ಬೇರೆ. ಕಮಲಾಪುರದ ಈ ಸುರಂಗ ಗುಡ್ಡದ ಬುಡದಲ್ಲಿ ಹುಟ್ಟಿ, ಸೂಗಪ್ಪನವರ ಹೊಲದ ಅಡಿಯಲ್ಲಿ ಹಾದು, ತಗ್ಗಿನ ತೋಟಗಳಲ್ಲಿ ಬಾಯಿ ತೆರೆಯುತ್ತದೆ. ಆ ಬಾಯಿಗೆ ಹತ್ತಿರದ್ದು ಇಮಾಮಬಿ ಎಂಬ ಮುದುಕಿಯ ಕೆಂಪು ಬಾಳೆಯ ತೋಟ. ಹೊಲ ಸೂಗಪ್ಪನವರದು, ನೀರು ತೋಟದವರದು. ಸುರಂಗ ಹಾದ ಪಟ್ಟಿಯಲ್ಲಿ ಒಂದೂವರೆ ಆಳಿನ ತನಕ, ಅಂದರೆ ಒಬ್ಬ ಮನುಷ್ಯನ ಒಂದೂವರೆ ಎತ್ತರದಷ್ಟು ಆಳಕ್ಕೆ, ಸೂಗಪ್ಪನವರು ಉಳಬಹುದು, ಅಗೆಯಬಹುದು. ಅಲ್ಲಿಂದ ಕೆಳಗೆ ಮೂರಾಳಿನ ತನಕ ಯಾರೂ ಗುದ್ದಲಿ ಹಾಕುವಂತಿಲ್ಲ. ಇದು ಹಳೆಯ ಕರಾರು, ಯಾರ ತಕರಾರೂ ಇಲ್ಲ. ತಕರಾರೆಲ್ಲ ಆ ಒಂದೂವರೆ ಆಳನ್ನು ಎಲ್ಲಿಂದ ಅಳೆಯಬೇಕು ಎಂಬುದರಲ್ಲಿದೆ.

“ಎರಿ ಮಣ್ಣು ಉಸಿರಾಡ್ತದ್ರಿ,” ಎನ್ನುತ್ತಾಳೆ ಬಂಡೆಮ್ಮ. “ಮಳಿಗಾಲ್ದಾಗ ಎದಿ ಉಬ್ಬಸ್ತದ. ಬ್ಯಾಸಗ್ಯಾಗ ಉಸಿರು ಬಿಟ್ಟು ಬಿರೀತದ. ಅದರಾಗ ನೆಟ್ಟ ಕಲ್ಲು ಅದರ ಸಂಗಾಟನೇ ಏಳ್ತದ, ಬೀಳ್ತದ.”

ಆದ್ದರಿಂದಲೇ ಆಳವನ್ನು ಗುಡ್ಡದ ಹುಟ್ಟುಬಂಡೆಯ ಮೇಲೆ ಕೊರೆದ ಗುರುತಿನಿಂದ ಅಳೆಯಬೇಕೆಂಬ ನೇಮವಿದೆ. ಹಿಂದೊಬ್ಬ ಅಮೀನನಿಗೆ ಅವಸರ. ಅಷ್ಟು ದೂರದಿಂದ ಮಟ್ಟ ನೋಡಿಕೊಂಡು ಹಗ್ಗ ಎಳೆಯುವವರು ಯಾರೆಂದು ಹೊಲದ ಬದುವಿನ ಕಲ್ಲಿನಿಂದಲೇ ಅಳೆದು ಕೈತೊಳೆದುಕೊಂಡ. ಆಗ ನಡುಬೇಸಿಗೆ. ಕಲ್ಲು ಬಿರುಕಿನೊಳಗೆ ಗೇಣುಗಟ್ಟಲೆ ಕುಸಿದಿತ್ತು. ಆ ಅಳತೆಯನ್ನು ನಂಬಿ ಸೂಗಪ್ಪನವರು ಜೋಳ ತುಂಬಿಡಲು ಹಗೇವು ತೋಡಿಸಿದರು. ನೆಲದೊಳಗಿನ ಆ ಕಣಜದ ತಳ ಸುರಂಗದ ಮಾಡನ್ನು ಮುಟ್ಟುವಷ್ಟು ಇಳಿದಿದೆ ಎಂದು ತೋಡಿದವರಿಗೂ ತಿಳಿಯಲಿಲ್ಲ, ತುಂಬಿದವರಿಗೂ ತಿಳಿಯಲಿಲ್ಲ.

ಯಂಕಪ್ಪ ಅದರ ಕೆಳಗಿನಿಂದ ದಾಟಿ ಗುಡ್ಡದ ಕಡೆ ಹೋಗುತ್ತಿದ್ದ. ಹೂಳು ನೋಡಿ ಬಾ ಎಂದು ಕಳಿಸಿದ್ದರು. ಮೇಲೆ ಬಂಡೆಮ್ಮ ಕಿವಿಯಿಟ್ಟು ಹಿಂಬಾಲಿಸುತ್ತಿದ್ದಳು. ಹಗೇವಿನ ತಳ ಕಿತ್ತು ಜೋಳ, ಮಣ್ಣು ಎಲ್ಲ ಒಟ್ಟಿಗೆ ಸುರಂಗಕ್ಕೆ ಇಳಿದಾಗ ಅವನು ಮುಂದೆ ದಾಟಿದ್ದ. ಹಿಂದಿನ ದಾರಿ ಮುಚ್ಚಿತು. ಸ್ವಲ್ಪ ಹೊತ್ತಿಗೆ ಗುಡ್ಡದ ಕಡೆಯಲ್ಲೂ ಮಾಡು ಜಾರಿತು. ನಡುವೆ ಅವನು. ಬಡಿಯುತ್ತಲೇ ಇದ್ದ. ಅವನ ಬಡಿತವೇ ಬೇರೆ: ಎರಡು, ಒಂದು ಉಸಿರಿನಷ್ಟು ಬಿಟ್ಟು ಮತ್ತೊಂದು. ಅಷ್ಟರಲ್ಲಿ ಮಳೆ ಹೊಡೆಯಿತು. ಹನಿ ನೆಲಕ್ಕೆ ಬೀಳುವ ಸದ್ದಿನಲ್ಲಿ ಬಡಿತ ಕರಗುತ್ತಿತ್ತು, ಯಾವ ಕಡೆಯಿಂದ ಬರುತ್ತಿದೆಯೆಂದು ಗುರುತು ಸಿಗಲಿಲ್ಲ. ಕಿವಿಗೆ ನೀರು ತುಂಬಿತು. ಹೆಸರು ಹಿಡಿದು ಕೂಗು ಎಂದರು ಸುತ್ತ ಇದ್ದವರು. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಹೋಗುತ್ತದೆ ಎಂದು ನಂಬಿ ಬೆಳೆದವಳು ಆಕೆ, ಮದುವೆಯ ದಿನ ಸಹ ಗಂಡನ ಹೆಸರು ಕೂಡಿಸಿದ ಒಡಪು ಹೇಳದೆ ತಪ್ಪಿಸಿಕೊಂಡವಳು.

“ಒಮ್ಮಿ ಕರದೆ,” ಎನ್ನುತ್ತಾಳೆ. “ಆಮ್ಯಾಲ ಬಡಿಯೂದು ನಿಂತಿತು.”

ಅಗೆದಲ್ಲೆಲ್ಲ ಕೆಸರು ಕುಸಿದು ಮುಚ್ಚುತ್ತಿತ್ತು. ಕೊನೆಗೆ ಜನ ಕೈಬಿಟ್ಟರು. ಆ ಮಳೆ ನಿಂತ ಮೇಲೆ ಇಮಾಮಬಿಯ ತೋಟದ ಬಾಯಿಯಲ್ಲಿ ನೀರಿನ ಜೊತೆ ಜೋಳ ತೇಲಿ ಬಂತು, ಒಂದೊಂದು ಕಾಳಿಗೂ ಬೆಳ್ಳನೆಯ ಮೊಳಕೆ. ಕತ್ತಲಲ್ಲಿ ಮೊಳೆತ ಮೊಳಕೆ, ಬೆರಳಿನಷ್ಟುದ್ದ. ಇಮಾಮಬಿ ಆ ವರ್ಷ ಮನೆಯಲ್ಲಿ ಜೋಳದ ರೊಟ್ಟಿ ತಟ್ಟಲಿಲ್ಲ.

“ಮಣ್ಣಾಗೇ ಅದಾರ,” ಎನ್ನುತ್ತಾಳೆ ಬಂಡೆಮ್ಮ. “ಆದ್ರ ಯಾರೂ ಮಣ್ಣು ಕೊಟ್ಟಿಲ್ಲ. ನನ್ನ ಕೈಲೆ ಒಂದು ಹಿಡಿ ಮಣ್ಣು ಬೀಳಲಿಲ್ಲ ಅಂದ್ರ ಅದೆಂಥಾ ಸಾವ್ರಿ?”

ಈಗ ಸೂಗಪ್ಪನವರಿಗೆ ಬಾವಿ ಬೇಕಾಗಿದೆ. ಹೊಲದ ನಡುವಿನ ಹುಣಿಸೆಮರದ ಹತ್ತಿರ ಜಾಗ ನೋಡಿದ್ದಾರೆ. ಸುರಂಗ ಅಲ್ಲಿ ಹಾದಿದ್ದರೆ ತೋಡುವಂತಿಲ್ಲ, ತೋಡಿದರೆ ನೀರೆಲ್ಲ ಬಾವಿಗಿಳಿದು ಕೆಳಗಿನ ಬಾಳೆ ಒಣಗುತ್ತದೆ. ಹಾದಿಲ್ಲವಾದರೆ ಪಾತಾಳದ ತನಕ ತೋಡಲಿ, ಕೇಳುವವರಿಲ್ಲ. ತೋಟದಿಂದ ಹಳೆಯ ಹಗೇವಿನ ತನಕ ಸುರಂಗದ ದಾರಿ ಗೊತ್ತು. ಗುಡ್ಡದ ಕಡೆಯಿಂದ ಎಷ್ಟು ದೂರ ಬರಬಹುದು ಎಂದು ಈ ಬೆಳಿಗ್ಗೆ ಮಾಪಣ್ಣ ನೋಡಿಬರುತ್ತಿದ್ದಾನೆ. ಎರಡೂ ಕಡೆ ಮುಚ್ಚಿಹೋಗಿ ಈಗ ನೀರು ಮಾತ್ರ ನುಸುಳುವ ನಡುವಿನ ತುಂಡು ಎಲ್ಲಿ ಹಾದಿದೆ ಎಂಬುದನ್ನು ಮಾತ್ರ ನೋಡಿದವರಿಲ್ಲ. ನೋಡಿದವನು ಅದರೊಳಗೇ ಇದ್ದಾನೆ.

ನಿನ್ನೆ ಸಂಜೆ ಸೂಗಪ್ಪನವರು ತಾವಾಗಿ ಬಂಡೆಮ್ಮನ ಹತ್ತಿರ ಬಂದು ನಿಂತಿದ್ದರು. ಕೆಟ್ಟ ಮನುಷ್ಯರಲ್ಲ. “ಬಂಡೆವ್ವಾ, ನಿನ್ನ ಗಂಡ ನನ್ನ ಹೊಲ್ದಾಗ ಹೋಗ್ಯಾನ. ನನಗೂ ನಿದ್ದಿ ಹತ್ತಂಗಿಲ್ಲ. ಬಾವಿ ತೋಡುವಾಗ ಒಂದು ಎಲುಬು ಸಿಕ್ರೂ ಸೈತ ಹೊಸ ಬಟ್ಟ್ಯಾಗ ಸುತ್ತಿ ನಿನ್ನ ಕೈಗೆ ಕೊಡ್ತೀನಿ. ಶಿವನಾಣಿ,” ಎಂದಿದ್ದರು. ಆ ಮಾತು ಕೇಳಿದಾಗಿನಿಂದ ಆಕೆಗೆ ಅನ್ನ ಇಳಿದಿಲ್ಲ.

ಕೆಳಗಿನಿಂದ ಕೋಲು ಕೆರೆಯುವ ಸದ್ದು. ಮುಂದೆ ದಾರಿಯಿಲ್ಲ ಎಂಬ ಸಂಕೇತ. ಬಂಡೆಮ್ಮ ಒನಕೆಯಿಂದ ಎರಡು ಪೆಟ್ಟು ಹಾಕಿ ಮೈದುನನನ್ನು ಮೇಲೆ ಕರೆಯುತ್ತಾಳೆ. ಮಾಪಣ್ಣ ಸುರಂಗಕ್ಕೆ ಇಳಿಯಲು ಗುಡ್ಡದ ಬದಿಯಲ್ಲಿ ತೋಡಿದ ಗಾಳಿಬಾವಿಯಿಂದ ಏರಿ ಬಂದು, ನಡುಗುತ್ತ ಧೋತರ ಹಿಂಡಿಕೊಳ್ಳುತ್ತಾನೆ. ಅಮೀನರು ಕಡೆಯ ಗೂಟದಿಂದ ಹಳೆಯ ಹಗೇವಿನ ಗುಂಡಿಯ ತನಕ ಹಗ್ಗವನ್ನು ನೆಟ್ಟಗೆ ಎಳೆಸುತ್ತಾರೆ. ಹುಣಿಸೆಮರ ಹಗ್ಗದಿಂದ ಸಾಕಷ್ಟು ಆಚೆ ಉಳಿಯುತ್ತದೆ. ಸೂಗಪ್ಪನವರು ಅಷ್ಟು ಹೊತ್ತು ತಡೆದ ಕೆಮ್ಮನ್ನು ಮನಸಾರೆ ಕೆಮ್ಮುತ್ತಾರೆ. ತೋಟದಿಂದ ನೀರಿನ ತತ್ರಾಣಿ ಹಿಡಿದು ಬಂದ ಇಮಾಮಬಿ ಹಗ್ಗವನ್ನು ನೋಡುತ್ತ ಕೂತಿದ್ದಾಳೆ.

ಬಂಡೆಮ್ಮನಿಗೊಂದು ರೂಢಿಯಿದೆ. ಕೆಳಗಿಳಿದವರೆಲ್ಲ ಮೇಲೆ ಬಂದರೂ ಒಳಗೆ ಯಾರೂ ಉಳಿದಿಲ್ಲವೆಂದು ಖಾತ್ರಿಯಾಗಲು ಇನ್ನೊಮ್ಮೆ ಕಿವಿಯಿಡುತ್ತಾಳೆ. ಯಂಕಪ್ಪ ಹೋದ ಮೇಲೆ ಬಂದ ರೂಢಿ. ಈಗಲೂ ಇಡುತ್ತಾಳೆ, ಹಗ್ಗದ ಪಕ್ಕದಲ್ಲಿ.

ಎರಡು. ಒಂದು ಉಸಿರಿನಷ್ಟು ಬಿಟ್ಟು, ಒಂದು.

ತಲೆಯೆತ್ತಿ ನೋಡುತ್ತಾಳೆ. ಮಾಪಣ್ಣ ಬದುವಿನ ಮೇಲೆ ಕೂತು ಬೀಡಿಗೆ ಕಿಡಿ ಹೊತ್ತಿಸುತ್ತಿದ್ದಾನೆ. ಮತ್ತೆ ಕಿವಿಯಿಡುತ್ತಾಳೆ. ಬಡಿತ ಹಗ್ಗದ ಕೆಳಗಿನಿಂದ ಬರುತ್ತಿಲ್ಲ. ಓರೆಯಾಗಿ, ಹುಣಿಸೆಮರದ ಕಡೆಯಿಂದ ಬರುತ್ತಿದೆ. ಗೂಟ ಹಿಡಿದುಕೊಂಡೇ ಆಕೆ ಆ ಕಡೆ ತೆವಳುತ್ತಾಳೆ. ಸದ್ದು ಹತ್ತಿರವಾಗುತ್ತದೆ. ಮರದ ಕೊಂಬೆಯಂಚಿನ ಕೆಳಗೆ, ಸೂಗಪ್ಪನವರು ಬಾವಿಗೆಂದು ಸುಣ್ಣ ಚೆಲ್ಲಿ ಗುರುತು ಮಾಡಿದ ಜಾಗದಲ್ಲಿ, ಅದು ಕಿವಿಯ ನೇರ ಕೆಳಗಿದೆ. ಸುರಂಗ ನೆಟ್ಟಗೆ ಹೋಗಿಲ್ಲ, ಇಲ್ಲಿ ಬಳುಕಿದೆ.

ಸುಮ್ಮನಿದ್ದರೆ ಸಾಕು. ಆಕೆ ಎದ್ದು ಮೈ ಕೊಡವಿಕೊಂಡರೆ ಹಗ್ಗವೇ ದಾರಿಯೆಂದು ಖಾಯಂ ಆಗುತ್ತದೆ. ಸೂಗಪ್ಪನವರು ಇಲ್ಲಿ ತೋಡುತ್ತಾರೆ. ಮೂರಾಳಿನೊಳಗೆ ಗಂಡ ಸಿಗುತ್ತಾನೆ, ಹೊಸ ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಡುತ್ತಾರೆ, ಹೆಂಡತಿಯ ಕೈಯಿಂದ ಮಣ್ಣು ಬೀಳುತ್ತದೆ. ಗೂಟ ಊರಿದರೆ ಈ ಜಾಗವನ್ನು ಇನ್ನು ಯಾರೂ, ಎಂದೂ, ಮುಟ್ಟುವಂತಿಲ್ಲ. ಇಮಾಮಬಿ ಅಲ್ಲಿ ತತ್ರಾಣಿ ಹಿಡಿದು ಕೂತಿದ್ದಾಳೆ. ಇಡೀ ಊರಿನಲ್ಲಿ ತನ್ನ ಲೋಟದಲ್ಲೇ ಬಂಡೆಮ್ಮನಿಗೆ ನೀರು ಕೊಡುವವಳು ಆಕೆಯೊಬ್ಬಳೇ. ಕೆಳಗೆ ಬಡಿತ ನಿಲ್ಲುತ್ತಿಲ್ಲ. ನನ್ನನ್ನು ಹೊರಗೆ ತೆಗಿ ಎನ್ನುತ್ತಿದ್ದಾನೋ, ದಾರಿ ಬರೆದುಕೋ ಎನ್ನುತ್ತಿದ್ದಾನೋ? ಬದುಕಿದ್ದಾಗ ಅವನು ಬಡಿದದ್ದು ಒಂದೇ ಕಾರಣಕ್ಕೆ, ದಾರಿ ಇಲ್ಲಿದೆ ಎಂದು ಹೇಳುವುದಕ್ಕೆ.

ಬಂಡೆಮ್ಮ ಗೂಟ ಊರುತ್ತಾಳೆ. ಒನಕೆಯಿಂದ ಒಂದು ಪೆಟ್ಟು ಹಾಕುತ್ತಾಳೆ. ಬಡಿತ ನಿಲ್ಲುತ್ತದೆ.

“ಏ ಬಂಡೆಮ್ಮಾ, ಇದೇನ್ ಹಚ್ಚೀದಿ?” ಅಮೀನರು ಓಡಿಬರುತ್ತಾರೆ. “ಮಾಪಣ್ಣ ಅಲ್ಲಿ ಬೀಡಿ ಸೇದಾಕತ್ಯಾನ. ಬುಡಕ ಯಾರೂ ಇಲ್ಲ. ಮತ್ತ ಬಡದವ್ರು ಯಾರು?”

“ಬಡದವ್ರ ಹೆಸ್ರು ನಾ ಹೇಳಂಗಿಲ್ರಿ ಸಾಹೇಬ್ರ. ಬಡದದ್ದು ಇಲ್ಲಿ.”

ಸಾಹೇಬರ ಕೈ ಕೊರಳಿನ ತಾಯಿತಕ್ಕೆ ಹೋಗುತ್ತದೆ. ಆದರೂ ಅವರು ಸರಕಾರಿ ಮನುಷ್ಯ, ಗುರುತು ಬಿದ್ದ ಮೇಲೆ ತಪಾಸಣೆ ಆಗಲೇಬೇಕು. ಉದ್ದನೆಯ ಕಬ್ಬಿಣದ ಸಲಾಕೆ ತರಿಸಿ ಗೂಟದ ಪಕ್ಕದಲ್ಲಿ ಹೊಡೆಸುತ್ತಾರೆ. ಸುತ್ತಿಗೆಯ ಪೆಟ್ಟಿಗೆ ಅದು ಬೆರಳಿನಷ್ಟು, ಬೆರಳಿನಷ್ಟು ಇಳಿಯುತ್ತದೆ. ಬಿಸಿಲು ಏರುತ್ತದೆ. ಹೊಡೆಯುವವರು ಕೈ ಬದಲಿಸುತ್ತಾರೆ. ಆಮೇಲೆ ಒಂದು ಪೆಟ್ಟಿಗೆ ಸಲಾಕೆ ತಾನಾಗಿ ಸರ್ರನೆ ಜಾರುತ್ತದೆ, ಯಾರೋ ಕೆಳಗಿನಿಂದ ಎಳೆದುಕೊಂಡ ಹಾಗೆ. ಮಾಪಣ್ಣ ತುದಿ ಹಿಡಿದು ಉಳಿಸುತ್ತಾನೆ. ಹೊರಗೆಳೆದಾಗ ಆ ತೂತಿನಿಂದ ತಣ್ಣನೆಯ ಗಾಳಿ ಬರುತ್ತದೆ, ನೆನೆದ ಜೋಳದ ವಾಸನೆಯದು. ಹೊಡೆಯುವವರು ಹಿಂದೆ ಸರಿಯುತ್ತಾರೆ.

ಅಮೀನರು ದಾರದ ತುದಿಗೆ ಸೀಸದ ಗುಂಡು ಕಟ್ಟಿ ತೂತಿನೊಳಗೆ ಇಳಿಬಿಡುತ್ತಾರೆ. ಸುರಂಗದ ನೆಲ ಮುಟ್ಟಿದ್ದು ಕೈಗೆ ತಿಳಿಯುತ್ತದೆ. ದಾರ ಸ್ವಲ್ಪ ಹೊತ್ತು ನಡುಗಿ ಸುಮ್ಮನಾಗುತ್ತದೆ. ಮೇಲೆಳೆದು ನೋಡಿದರೆ ಗುಂಡಿನಿಂದ ಮೊಳದಷ್ಟು ಮೇಲೆ, ದಾರದ ಸುತ್ತ ಹಸಿಮಣ್ಣಿನ ಒಂದು ಉಂಗುರ. ಮಾಪಣ್ಣನ ಬಾಯಿಂದ ಬೀಡಿ ಬೀಳುತ್ತದೆ. ಸುರಂಗದಲ್ಲಿ ಇಳಿದವರು ನೀರಿನ ಮಟ್ಟ ಎಲ್ಲಿದೆಯೆಂದು ಮೇಲಿನವರಿಗೆ ತಿಳಿಸಲು ಹೀಗೆಯೇ ದಾರವನ್ನು ಮಣ್ಣಿನಿಂದ ಚಿವುಟುವುದು. ಉಂಗುರದ ಮೇಲೆ ಹೆಬ್ಬೆರಳು ಒತ್ತಿದಂಥ ತಗ್ಗಿದೆ.

“ನೀರಿನ ರಾಡಿ ಅದು,” ಎನ್ನುತ್ತಾರೆ ಅಮೀನರು. ಇನ್ನೊಮ್ಮೆ, “ರಾಡಿನೇ ಅದು,” ಎನ್ನುತ್ತಾರೆ. ಆದರೆ ನೀರಿನ ಮಟ್ಟವನ್ನು ಆ ಉಂಗುರದಿಂದಲೇ ಅಳೆಯುತ್ತಾರೆ. ಈ ಸಲ ಗುಡ್ಡದ ಹುಟ್ಟುಬಂಡೆಯ ಗುರುತಿಗೆ ಮಟ್ಟ ಹಿಡಿಸಿ ಲೆಕ್ಕ ಕಟ್ಟುತ್ತಾರೆ, ಬದುವಿನ ಕಲ್ಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಅಲ್ಲೇ ಹುಕುಂ ಓದಿ ಹೇಳುತ್ತಾರೆ: ಹುಣಿಸೆಮರದ ಈ ಬಳುಕು ಸುರಂಗದ ಪಟ್ಟಿಗೆ ಸೇರಿದ್ದು. ಬಂಡೆಯ ಗುರುತಿನಿಂದ ಒಂದೂವರೆ ಆಳು ಬಿಟ್ಟು ಮೂರಾಳಿನ ತನಕ ಬಾವಿ, ಹಗೇವು, ಅಡಿಪಾಯ ಏನೂ ಕೂಡದು. ಮೇಲೆ ಬಿತ್ತಿಕೊಳ್ಳಲು ಅಡ್ಡಿಯಿಲ್ಲ. ತೂತಿಗೆ ಕಲ್ಲು ಬಡಿದು ಮುಚ್ಚಬೇಕು.

ಸೂಗಪ್ಪನವರು ಸುಣ್ಣದ ಗುರುತಿನ ಪಕ್ಕದಲ್ಲೇ ಕುಸಿದು ಕೂರುತ್ತಾರೆ. “ಅಲ್ಲ ಬಂಡೆವ್ವಾ, ನನ್ನ ಬಾವಿ ಹೋಯ್ತು, ಹೋಗ್ಲಿ. ನೀ ಸುಮ್ನಿದ್ರ ನಿನ್ನ ಗಂಡ ನಿನಗ ಸಿಗ್ತಿದ್ದ.”

“ಗೊತ್ತದರಿ ಸಾವ್ಕಾರ್ರ,” ಎನ್ನುತ್ತಾಳೆ ಬಂಡೆಮ್ಮ. ಅಷ್ಟು ಹೇಳಿ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಆ ಮಳೆಯ ದಿನ ಅಳಲು ಪುರುಸೊತ್ತಿರಲಿಲ್ಲ. ಆಮೇಲೆ ಅತ್ತರೆ ಸತ್ತನೆಂದು ಒಪ್ಪಿದ ಹಾಗೆ ಎಂದು ಅತ್ತಿರಲಿಲ್ಲ. ಇಂದು ಅಳುತ್ತಾಳೆ, ಮಾಪಣ್ಣ ಬಂದು “ವೈನಿ, ಸಾಕು ಏಳ್ರಿ,” ಎಂದರೂ ನಿಲ್ಲಿಸುವುದಿಲ್ಲ.

ಇಮಾಮಬಿ ಪಕ್ಕದಲ್ಲಿ ಕೂತು ಆಕೆಯ ಬೆನ್ನ ಮೇಲೆ ಕೈಯಿಡುತ್ತಾಳೆ. “ನಮ್ಮಾಗ ಸತ್ತವ್ರಿಗೆ ಮೊದಲ ನೀರು ಹಾಕ್ತಾರ ಬೇಟಿ, ಆಮ್ಯಾಲ ಮಣ್ಣು ಕೊಡ್ತಾರ. ಅವನ ಮ್ಯಾಲ ದಿನಾ ನೀರು ಹರೀತದ, ಆ ನೀರೇ ನನ್ನ ಬಾಳಿ ತ್ವಾಟಕ್ಕ ಬರ್ತದ. ಮಣ್ಣು ಒಂದೇ ಉಳಿದದ. ಅದು ಈಗ ಕೊಡು.”

ಬಂಡೆಮ್ಮ ಎದ್ದು, ಕಲ್ಲು ಬಡಿಯುವ ಮುಂಚೆ, ಒಂದು ಹಿಡಿ ಎರೆಮಣ್ಣು ತೆಗೆದು ಆ ಸಣ್ಣ ತೂತಿನೊಳಗೆ ಬಿಡುತ್ತಾಳೆ. ಕೆಳಗೆ ನೀರಿಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸುತ್ತದೆ. ಮಾಪಣ್ಣನೂ ಒಂದು ಹಿಡಿ ಬಿಡುತ್ತಾನೆ. ಸೂಗಪ್ಪನವರು ಎದ್ದು ಬಂದು, ತಾವೂ ಒಂದು ಹಿಡಿ ಬಿಡುತ್ತಾರೆ.

ಮಧ್ಯಾಹ್ನ ಕಲಬುರಗಿಗೆ ಹೊರಡುವ ಬಂಡಿಯಲ್ಲಿ ಕೂತಾಗ ಬಂಡೆಮ್ಮನ ಕಣ್ಣು ಊದಿದೆ, ಕೆನ್ನೆಯ ಮೇಲೆ ಮಣ್ಣು ಹಾಗೇ ಇದೆ. ಗಂಡನನ್ನು ಅಲ್ಲೇ ಬಿಟ್ಟು ಬಂದದ್ದಕ್ಕೆ ನೋವಿಲ್ಲವೇ ಎಂದು ಕೇಳಿದರೆ ಹುಣಿಸೆಮರ ಮರೆಯಾಗುವ ತನಕ ಆ ಕಡೆಯೇ ನೋಡುತ್ತಾಳೆ.

“ನೋವದರಿ, ಇಲ್ಲ ಅಂತ ಯಾಕ ಅನ್ಲಿ. ಆದ್ರ ನಮ್ಮ ಮಂದಿಗೆ ಒಂದು ಬದುವಿನ ಕಲ್ಲು ಇಲ್ಲ. ಸತ್ರ ಹೂಳಾಕ ಜಾಗ ಅಂತ ಯಾರ್‍ಯಾರದೋ ಕಾಲು ಹಿಡೀಬೇಕು, ಹೂಳಿದ ಮ್ಯಾಲ ಅದ್ರ ಮ್ಯಾಲೇ ಕುಂಟಿ ಹೊಡೀತಾರ. ಇವ್ರಿಗೆ ಹಂಗಿಲ್ಲ. ಮ್ಯಾಲಿಂದ ಯಾರೂ ಅಗಿಯಂಗಿಲ್ಲ, ಬುಡಕಿಂದ ಯಾರೂ ಅಗಿಯಂಗಿಲ್ಲ, ಸರಕಾರದ ಹುಕುಂ ಅದ. ಒಂದೂವರಿ ಆಳಿಂದ ಮೂರಾಳಿನ ತನಕ ನಮ್ಮವ್ರದೇ ಹೊಲ.”